ಗೇಟಿಗೆ ಕ್ಯಾಮೆರಾ ಇದೆ, ಮಲಗುವ ಕೋಣೆಗೆ ಅಲಾರಂ ಇಲ್ಲ: ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಾನು ಚಿಕ್ಕಮಗಳೂರಿನಲ್ಲಿ ವೈರಿಂಗ್ ಕೆಲಸ ಮಾಡುವವನು. ಈಚೆಗೆ ಮನೆ ಕೆಲಸಕ್ಕಿಂತ ಹೋಂಸ್ಟೇ ಕೆಲಸವೇ ಜಾಸ್ತಿ. ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು, ಕಳಸ, ಎಲ್ಲ ಕಡೆಯಿಂದಲೂ ಫೋನ್ ಬರುತ್ತದೆ. ಗೇಟಿಗೆ ಕ್ಯಾಮೆರಾ ಹಾಕಿಸುತ್ತಾರೆ. ಅಂಗಳದ ಮರಕ್ಕೆ ಬಣ್ಣದ ಲೈಟು ಸುತ್ತಿಸುತ್ತಾರೆ. ಅಡುಗೆಮನೆ ಬಾಗಿಲ ಪಕ್ಕ ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ನೇತಾಡುತ್ತಿರುತ್ತದೆ. ಆದರೆ ಅತಿಥಿ ಮಲಗುವ ಕೋಣೆಯ ಗಾಳಿ ಕೆಟ್ಟರೆ ಕೂಗಿ ಎಬ್ಬಿಸುವ ಒಂದು ಸಣ್ಣ ಡಬ್ಬಿ ಇದೆಯಲ್ಲ, ಅದನ್ನು ಮಾಲೀಕರು ಕೇಳುವುದಿಲ್ಲ. ಪರಿಶೀಲನೆಗೆ ಬಂದವರು ಕೇಳಿದ್ದನ್ನೂ ನಾನು ಕಂಡಿಲ್ಲ.

ನನ್ನ ಬೇಡಿಕೆ ಒಂದೇ. ಯಾವ ಹೋಂಸ್ಟೇಯಲ್ಲಿ ಗ್ಯಾಸ್ ಗೀಸರ್, ಗ್ಯಾಸ್ ಹೀಟರ್, ಅಗ್ಗಿಷ್ಟಿಕೆ, ಸೌದೆ ಒಲೆ ಅಥವಾ ಜನರೇಟರ್ ಇದೆಯೋ, ಅಲ್ಲಿ ಜನ ಮಲಗುವ ಪ್ರತಿ ಕೋಣೆಯಲ್ಲೂ ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಗಾಳಿಯನ್ನು ಗುರುತಿಸುವ ಅಲಾರಂ ಇರಲೇಬೇಕು ಎಂದು ಆದೇಶಿಸಿ. ಅದಿಲ್ಲದ ಜಾಗಕ್ಕೆ ನೋಂದಣಿ ಕೊಡಬೇಡಿ, ಇದ್ದ ನೋಂದಣಿಯನ್ನು ನವೀಕರಿಸಬೇಡಿ. ಹೊಗೆ ಅಲಾರಂ ಕೂಡ ಜೊತೆಗಿರಲಿ. ಆದರೆ ಎರಡೂ ಬೇರೆ ಬೇರೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬ ಗುಡ್ಡದ ಊರಿನ ರೆಸಾರ್ಟಿನಲ್ಲಿ ಕೇರಳದಿಂದ ಹೋದ 8 ಪ್ರವಾಸಿಗರು ತೀರಿಕೊಂಡರು. ಅವರಲ್ಲಿ 4 ಮಕ್ಕಳು. ಚಳಿ ಅಂತ ಕೋಣೆಯೊಳಗೆ ಗ್ಯಾಸ್ ಹೀಟರ್ ಇಟ್ಟುಕೊಂಡು, ಕಿಟಕಿ ಬಾಗಿಲು ಹಾಕಿಕೊಂಡು ಮಲಗಿದ್ದರು. ಬೆಳಿಗ್ಗೆ ಏಳಲಿಲ್ಲ. ಬೆಂಕಿ ಬಿದ್ದಿರಲಿಲ್ಲ, ಕೋಣೆಯ ಗಾಳಿಯೇ ಕೆಟ್ಟಿತ್ತು. ಗುಡ್ಡ, ಚಳಿ, ದೂರದಿಂದ ಬಂದ ಕುಟುಂಬ, ಬಿಗಿಯಾಗಿ ಮುಚ್ಚಿದ ಕೋಣೆ. ಮುಳ್ಳಯ್ಯನಗಿರಿ ಬುಡದಲ್ಲೋ ದೇವರಮನೆ ಹತ್ತಿರವೋ ಡಿಸೆಂಬರ್ ರಾತ್ರಿ ಇದರಲ್ಲಿ ಯಾವುದು ಇರುವುದಿಲ್ಲ ಹೇಳಿ.

ಈ ವಿಷಯ ಮಾತಾಡಿದಾಗಲೆಲ್ಲ ಮಾಲೀಕರು ಹೇಳುವುದು ಒಂದೇ: "ಗ್ಯಾಸ್ ಲೀಕ್ ಆದ್ರೆ ವಾಸನೆ ಬರುತ್ತಲ್ಲ." ಸಿಲಿಂಡರಿನಿಂದ ಸೋರಿದ ಗ್ಯಾಸಿಗೆ ವಾಸನೆ ಬರುತ್ತದೆ, ನಿಜ. ಸೋರಿದರೆ ಗೊತ್ತಾಗಲಿ ಅಂತಲೇ ಕಂಪನಿಯವರು ಎಲ್‌ಪಿಜಿಗೆ ನಾರುವ ಮರ್‌ಕ್ಯಾಪ್ಟಾನ್ ಬೆರೆಸುತ್ತಾರೆ. ನಾನು ಹೇಳುತ್ತಿರುವುದು ಸೋರಿದ ಗ್ಯಾಸಿನ ವಿಷಯವಲ್ಲ, ಉರಿದ ಗ್ಯಾಸಿನ ವಿಷಯ. ಗ್ಯಾಸ್, ಸೌದೆ, ಇದ್ದಿಲು, ಪೆಟ್ರೋಲ್, ಡೀಸೆಲ್, ಯಾವುದೇ ಆಗಲಿ ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಉಸಿರಾಟ ನಡೆಯುತ್ತಲೇ ಇರುತ್ತದೆ, ಮೈಗೆ ಆಮ್ಲಜನಕ ಮಾತ್ರ ತಲುಪುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಪ್ರವಾಸಕ್ಕೆ ಬಂದವರು ಘಾಟಿ ರಸ್ತೆಯ ತಿರುವಿನಿಂದ ಹೀಗಾಯಿತು ಅಂದುಕೊಂಡು ಮಲಗಿಬಿಡುತ್ತಾರೆ. ಆಮೇಲೆ ಎದ್ದು ಬಾಗಿಲು ತೆಗೆಯುವ ಶಕ್ತಿಯೂ ಇರುವುದಿಲ್ಲ.

ಹಾಗಾದರೆ ನಮ್ಮ ಅಜ್ಜ ಅಜ್ಜಿಯರು ಮನೆ ತುಂಬ ಬೆಂಕಿ ಇಟ್ಟುಕೊಂಡು ಹೇಗೆ ಬದುಕಿದರು? ಇದನ್ನೂ ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಮಲೆನಾಡಿನ ಹಳೇ ಮನೆಯಲ್ಲಿ ಬಚ್ಚಲು ಒಂದು ಮೂಲೆಯಲ್ಲೋ ಮನೆಯಿಂದ ಆಚೆಯೋ ಇರುತ್ತಿತ್ತು. ಎಷ್ಟೋ ಕಡೆ ಹಂಡೆ ಒಲೆಯ ಬಾಯಿ ಹೊರಗಡೆಗಿತ್ತು. ಮೇಲೆ ಹೆಂಚು. ಸಂದಿಯಿಂದ ಹೊಗೆ ಹೋಗುತ್ತಿತ್ತು, ಚಳಿ ಬರುತ್ತಿತ್ತು. ಆ ಮನೆಗಳು ಸೋರುತ್ತಿದ್ದವು, ಅದೇ ಅವುಗಳ ರಕ್ಷಣೆ. ಈಗ ನಾವು ಕಟ್ಟುತ್ತಿರುವುದು ಆರ್‌ಸಿಸಿ ಕೋಣೆ. ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ, ಬಾಗಿಲ ಕೆಳಗೆ ರಬ್ಬರ್ ಪಟ್ಟಿ, ಅಟ್ಯಾಚ್ಡ್ ಬಾತ್‌ರೂಮು. ಆ ಬಾತ್‌ರೂಮಿನ ಗೋಡೆಗೆ ಗ್ಯಾಸ್ ಗೀಸರ್. ವೆಂಟಿಲೇಟರ್ ಇದ್ದರೂ ಚಳಿ ಬರುತ್ತದೆ, ಹುಳ ಬರುತ್ತದೆ ಅಂತ ರಟ್ಟು ತುರುಕಿರುತ್ತಾರೆ. ಒಬ್ಬರಾದ ಮೇಲೊಬ್ಬರು ನಾಲ್ಕು ಜನ ಸ್ನಾನ ಮಾಡಿದರೆ ಅಷ್ಟೂ ಹೊತ್ತು ಬರ್ನರ್ ಉರಿಯುತ್ತದೆ. ಒಳಗಿನ ಆಮ್ಲಜನಕ ತಗ್ಗುತ್ತದೆ, ತಗ್ಗಿದಷ್ಟೂ ಉರಿ ಕೆಡುತ್ತದೆ, ಕೆಟ್ಟಷ್ಟೂ ವಿಷ ಹೆಚ್ಚುತ್ತದೆ. ಕೊನೆಗೆ ಹೋದವರೇ ಕುಸಿದು ಬೀಳುವುದು.

ಗ್ಯಾಸ್ ಗೀಸರ್ ಬೇಡವೇ ಬೇಡ ಎನ್ನುವವನು ನಾನಲ್ಲ. ಮಳೆಗಾಲದಲ್ಲಿ ಮೆಸ್ಕಾಂ ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆ ಅಂತ ಹೇಳುವವರಿಲ್ಲ. ಅತಿಥಿಗೆ ಬಿಸಿನೀರು ಕೊಡಲೇಬೇಕು. ಆದರೆ ಗೀಸರ್ ಬಾತ್‌ರೂಮಿನ ಹೊರಗಡೆ ಗೋಡೆಗಿರಲಿ. ಒಳಗೆ ಬರುವುದು ಬಿಸಿನೀರಿನ ಪೈಪು ಮಾತ್ರ. ಒಂದೆರಡು ಮೀಟರ್ ಪೈಪು ಜಾಸ್ತಿ ಬೇಕಾಗುತ್ತದೆ, ಅಷ್ಟೇ. ಇದು ಸರಿಯಾದ ಮೇಲೆ ಅಲಾರಂ. ಅಲಾರಂ ಇದೆಯಲ್ಲ ಅಂತ ಗೀಸರನ್ನು ಒಳಗೇ ಬಿಡುವುದು ಎಲ್ಲಕ್ಕಿಂತ ಕೆಟ್ಟ ಲೆಕ್ಕ.

ಇನ್ನು ಡಬ್ಬಿಗಳ ವಿಷಯ. ಇಲ್ಲೇ ಜಾಸ್ತಿ ಗೊಂದಲ. ಅಂಗಡಿಯಲ್ಲಿ "ಗ್ಯಾಸ್ ಡಿಟೆಕ್ಟರ್" ಅಂತ ಕೇಳಿದರೆ ಸಾಮಾನ್ಯವಾಗಿ ಕೊಡುವುದು ಎಲ್‌ಪಿಜಿ ಸೋರಿಕೆಯದ್ದು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಅದಕ್ಕೇ ಆ ಡಬ್ಬಿಯನ್ನು ಅಡುಗೆಮನೆಯಲ್ಲಿ ನೆಲದ ಹತ್ತಿರ ಹಾಕುತ್ತಾರೆ. ಕಾರ್ಬನ್ ಮೊನಾಕ್ಸೈಡ್ ಗಾಳಿಗಿಂತ ಒಂದು ಚೂರು ಹಗುರ. ಬಿಸಿಗಾಳಿಯ ಜೊತೆ ಮೇಲೇರಿ ಕೋಣೆ ತುಂಬ ಬೆರೆತುಹೋಗುತ್ತದೆ. ಎಲ್‌ಪಿಜಿ ಡಬ್ಬಿಗೆ ಇದರ ಸುಳಿವೇ ಸಿಗುವುದಿಲ್ಲ. ಹೊಗೆ ಅಲಾರಮ್ಮಿಗೂ ಸಿಗುವುದಿಲ್ಲ. ಅದು ನೋಡುವುದು ಹೊಗೆಯ ಕಣವನ್ನು. ಚೆನ್ನಾಗಿ ಕೆಂಡವಾದ ಇದ್ದಿಲಿನಿಂದ ಹೊಗೆ ಏಳುವುದಿಲ್ಲ, ವಿಷ ಮಾತ್ರ ಧಾರಾಳ ಬರುತ್ತದೆ. ಒಂದು ಹೋಂಸ್ಟೇಯಲ್ಲಿ ಎಲ್‌ಪಿಜಿ ಡಬ್ಬಿಯನ್ನು ಮಂಚದ ತಲೆಭಾಗಕ್ಕೆ ಹೊಡೆದು, "ಎಲ್ಲ ಗ್ಯಾಸಿಗೂ ಇದೇ" ಅಂತ ಅತಿಥಿಗಳಿಗೆ ಧೈರ್ಯ ಹೇಳುತ್ತಿದ್ದರು. ಪುಣ್ಯಕ್ಕೆ ಅಲ್ಲಿದ್ದದ್ದು ಕರೆಂಟ್ ಗೀಸರ್.

ಕೊಳ್ಳುವಾಗ ಡಬ್ಬಿಯ ಹಿಂದೆ ಏನು ಬರೆದಿದೆ ನೋಡಬೇಕು. ಮನೆಬಳಕೆಯ ಕಾರ್ಬನ್ ಮೊನಾಕ್ಸೈಡ್ ಅಲಾರಮ್ಮಿಗೆ ಯುರೋಪಿನ ಮಾನದಂಡ ಇಎನ್ 50291, ಅಮೆರಿಕದ್ದು ಯುಎಲ್ 2034. ಹೊಗೆಯದ್ದಕ್ಕೆ ಇಎನ್ 14604 ಅಥವಾ ಯುಎಲ್ 217. ಈ ನಂಬರುಗಳಲ್ಲಿ ಒಂದೂ ಕಾಣದಿದ್ದರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ರಾಸಾಯನಿಕ ಕ್ರಿಯೆಯಿಂದ ವಿಷವನ್ನು ಗುರುತಿಸುವ ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಇರುವುದನ್ನೇ ತೆಗೆದುಕೊಳ್ಳಿ. ಗಾಳಿಯಲ್ಲಿ ಎಷ್ಟು ಪಿಪಿಎಂ ಇದೆ ಅಂತ ತೋರಿಸುವ ಪುಟ್ಟ ಪರದೆ ಇದ್ದರೆ ಇನ್ನೂ ಒಳ್ಳೆಯದು. ಪಿಪಿಎಂ ಅಂದರೆ 10 ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಅಂತ. ಹೊಗೆ ಅಲಾರಮ್ಮಿನಲ್ಲಿ ಬೆಳಕಿನಿಂದ ಹೊಗೆ ಗುರುತಿಸುವ ಆಪ್ಟಿಕಲ್ ಬಗೆಯನ್ನು ಕೇಳಿ ಪಡೆಯಿರಿ. ಹಾಸಿಗೆ, ಸೋಫಾ, ವೈರು ಒಳಗೊಳಗೇ ಕಮರುವ ಬೆಂಕಿಯನ್ನು ಅದು ಬೇಗ ಹಿಡಿಯುತ್ತದೆ. ಹಾಗೆಯೇ, ಪ್ಲಗ್ಗಿಗೆ ಮಾತ್ರ ಸಿಕ್ಕಿಸುವಂಥದ್ದನ್ನು ನಮ್ಮ ಜಿಲ್ಲೆಯಲ್ಲಿ ಹಾಕಿದರೆ ಸುಮ್ನೆ ದುಡ್ಡು ದಂಡ. ಕರೆಂಟು ಹೋಗಿ ಗ್ಯಾಸ್ ಹೀಟರ್, ಅಗ್ಗಿಷ್ಟಿಕೆ ಉರಿಯುವ ರಾತ್ರಿಯೇ ಅಲಾರಂ ಬೇಕಾಗುವುದು, ಅವತ್ತೇ ಅದು ಸತ್ತಿರುತ್ತದೆ. ಒಳಗೇ ಬ್ಯಾಟರಿ ಸೀಲ್ ಆಗಿ ವರ್ಷಗಟ್ಟಲೆ ಬಾಳುವುದು ಹೋಂಸ್ಟೇಗೆ ಸರಿ. ಬ್ಯಾಟರಿ ಬಿಚ್ಚುವಂತಿದ್ದರೆ ಅದು ಟಿವಿ ರಿಮೋಟಿನ ಪಾಲಾಗಲು ಜಾಸ್ತಿ ದಿನ ಬೇಕಿಲ್ಲ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿದ ತಕ್ಷಣ ಕೆಲವರು ಗೀಸರ್ ಉರಿಸಿ ಪರೀಕ್ಷೆ ಮಾಡುತ್ತಾರೆ. ಕೂಗಲಿಲ್ಲ ಅಂತ ವಾಪಸ್ ಕಳಿಸಿದವರೂ ಇದ್ದಾರೆ. ಇದು ಎಷ್ಟು ವಿಷ ಎಷ್ಟು ಹೊತ್ತು ಇತ್ತು ಅನ್ನುವ ಲೆಕ್ಕದ ಮೇಲೆ ಕೆಲಸ ಮಾಡುತ್ತದೆ. ಇಎನ್ 50291 ಪ್ರಕಾರ 50 ಪಿಪಿಎಂ ಇದ್ದರೆ 60ರಿಂದ 90 ನಿಮಿಷದೊಳಗೆ ಕೂಗಬೇಕು. 100 ಇದ್ದರೆ 10ರಿಂದ 40 ನಿಮಿಷದೊಳಗೆ. 300 ಮುಟ್ಟಿದರೆ 3 ನಿಮಿಷದೊಳಗೆ. ಅಡುಗೆ ಮಾಡುವಾಗ ಏಳುವ ಚೂರುಪಾರಿಗೆಲ್ಲ ಹುಯಿಲೆಬ್ಬಿಸಬಾರದು ಅಂತಲೇ ಹೀಗೆ ಮಾಡಿದ್ದಾರೆ. ಪರೀಕ್ಷೆಗೆ ಟೆಸ್ಟ್ ಬಟನ್ ಇದೆ. ತಿಂಗಳಿಗೊಮ್ಮೆ ಒತ್ತಿದರೆ ಸಾಕು.

ಎಲ್ಲಿ ಹಾಕಬೇಕು ಅನ್ನುವುದರಲ್ಲಿ ನಮ್ಮ ಮನೆಗಳಿಗೆ ನಮ್ಮದೇ ತೊಂದರೆಗಳಿವೆ. ಪುಸ್ತಕದಲ್ಲಿ ಹೊಗೆ ಅಲಾರಂ ಸೀಲಿಂಗಿನ ನಡುವೆ ಅಂತ ಬರೆದಿರುತ್ತದೆ. ನಮ್ಮ ಸೀಲಿಂಗಿನ ನಡುವೆ ಫ್ಯಾನ್ ಇದೆ. ಫ್ಯಾನಿನ ಗಾಳಿಗೆ ಹೊಗೆ ಚದುರಿಹೋಗುತ್ತದೆ. ರೆಕ್ಕೆಯ ತುದಿಯಿಂದ ಕನಿಷ್ಠ 3 ಅಡಿ, ಗೋಡೆಯಿಂದ 1 ಅಡಿ ಬಿಟ್ಟು ಹಾಕಬೇಕು. ಹೆಂಚಿನ ಮಾಡಿಗೆ ನೇರವಾಗಿ ಹಾಕಿದರೆ ಪ್ರಯೋಜನವಿಲ್ಲ, ಹೊಗೆ ಸಂದಿಯಿಂದ ಹೊರಗೆ ಹೋಗುತ್ತದೆ. ಕೆಳಗೆ ಹಲಗೆಯ ಮುಚ್ಚಿಗೆ ಇದ್ದರೆ ಅದಕ್ಕೇ ಹೊಡೆಯಿರಿ. ಇಳಿಜಾರು ಸೀಲಿಂಗ್ ಆದರೆ ತುತ್ತತುದಿಯ ಮೂಲೆ ಬೇಡ, ಅಲ್ಲಿ ಗಾಳಿ ನಿಂತುಬಿಡುತ್ತದೆ. ಅದಕ್ಕಿಂತ ಅರ್ಧ ಅಡಿ ಕೆಳಗಿರಲಿ. ಅಡುಗೆಮನೆಗೆ ಹೊಗೆಯದ್ದು ಬೇಡವೇ ಬೇಡ, ಮೆಣಸಿನಕಾಯಿ ಒಗ್ಗರಣೆಗೇ ಊರು ಸೇರುತ್ತದೆ. ಅಲ್ಲಿಗೆ ಬಿಸಿ ಗುರುತಿಸುವ ಹೀಟ್ ಅಲಾರಂ ಬೇರೆ ಇದೆ.

ಕಾರ್ಬನ್ ಮೊನಾಕ್ಸೈಡಿನದ್ದು ಮಲಗುವ ಕೋಣೆಯಲ್ಲಾದರೆ ದಿಂಬಿನ ಎತ್ತರಕ್ಕೆ, ಅಂದರೆ ಮಲಗಿದವರ ಮೂಗಿನ ಮಟ್ಟಕ್ಕೆ ಗೋಡೆಯ ಮೇಲಿರಲಿ. ಒಲೆ ಅಥವಾ ಗೀಸರ್ ಇರುವ ಜಾಗದಲ್ಲಾದರೆ ಎತ್ತರದಲ್ಲಿ, ಸೀಲಿಂಗಿನಿಂದ ಅರ್ಧ ಅಡಿ ಕೆಳಗೆ, ಉರಿಯುವ ವಸ್ತುವಿನಿಂದ 1ರಿಂದ 3 ಮೀಟರ್ ಆಚೆ. ಪರದೆಯ ಹಿಂದೆ, ಬೀರುವಿನ ಮೇಲೆ, ಕಿಟಕಿಯ ಪಕ್ಕ ಹಾಕಬಾರದು. ಬಾತ್‌ರೂಮಿನ ಒಳಗೂ ಬೇಡ, ಆವಿಗೆ ಸೆನ್ಸರ್ ಕೆಡುತ್ತದೆ.

ಮಲೆನಾಡಿನಲ್ಲಿ ಹುಳ ಮತ್ತು ಮಂಜು ಕೂಡ ಲೆಕ್ಕಕ್ಕೆ ಬರುತ್ತವೆ. ಕೆಮ್ಮಣ್ಣುಗುಂಡಿ ಕಡೆ ಕಿಟಕಿ ತೆರೆದಿಟ್ಟರೆ ಮಂಜು ಕೋಣೆಯೊಳಗೇ ನಡೆದು ಬರುತ್ತದೆ. ಆಪ್ಟಿಕಲ್ ಅಲಾರಂ ಅದನ್ನು ಹೊಗೆ ಅಂದುಕೊಂಡು ಕೂಗಬಹುದು. ಮೊದಲ ಮಳೆಗೆ ಏಳುವ ಹುಳಗಳು, ಜೇಡರ ಬಲೆ, ಸ್ನಾನದ ಆವಿ, ಎಲ್ಲವೂ ಹೀಗೇ ಮಾಡಿಸುತ್ತವೆ. ಹಾಗಂತ ಕಿತ್ತು ಕಪಾಟಿಗೆ ಹಾಕಬಾರದು. ಕಿಟಕಿಯಿಂದ ದೂರಕ್ಕೆ ಸರಿಸಿ, ಆಗಾಗ ಬ್ರಷ್ಷಿನಿಂದ ಧೂಳು ತೆಗೆದರೆ ಕಾಟ ಕಡಿಮೆಯಾಗುತ್ತದೆ. ಸೊಳ್ಳೆ ಸ್ಪ್ರೇಯನ್ನು ಅದರ ಮೇಲೆ ಹೊಡೆಯಬಾರದು. ಮತ್ತೆ, ಈ ಡಬ್ಬಿಗಳಿಗೂ ಆಯಸ್ಸಿದೆ. ಹೊಗೆಯದ್ದಕ್ಕೆ 10 ವರ್ಷ. ಕಾರ್ಬನ್ ಮೊನಾಕ್ಸೈಡಿನದ್ದಕ್ಕೆ ಮಾದರಿ ನೋಡಿ 5ರಿಂದ 10 ವರ್ಷ. ಬದಲಿಸಬೇಕಾದ ದಿನಾಂಕವನ್ನು ಮೇಲೆಯೇ ಅಚ್ಚು ಹಾಕಿರುತ್ತಾರೆ. ನಿಮ್ಮ ಅಧಿಕಾರಿಗಳು ಪರಿಶೀಲನೆಗೆ ಹೋದಾಗ ನೋಡಬೇಕಾದದ್ದು ಆ ದಿನಾಂಕವನ್ನೇ.

ಹೋಂಸ್ಟೇ ಮಾಲೀಕರಿಗೆ ಒಂದು ಮಾತು. ನಿಮ್ಮಲ್ಲಿ ಬಹಳ ಜನ ನನ್ನ ಪರಿಚಯದವರೇ, ನಿಮ್ಮನೆ ಊಟ ಉಂಡವನು ನಾನು. ಬೆಂಗಳೂರಿನಿಂದ ಬಂದವರಿಗೆ ಕ್ಯಾಂಪ್‌ಫೈರ್ ಬೇಕೇ ಬೇಕು. ಮಾಡಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಉಳಿದ ಕೆಂಡವನ್ನು ಬಾರ್ಬೆಕ್ಯೂ ಡಬ್ಬಿಯಲ್ಲಿಟ್ಟು ಟೆಂಟಿನೊಳಗೆ, ಕೋಣೆಯೊಳಗೆ ಒಯ್ಯಲು ಬಿಡಬೇಡಿ. ಜನರೇಟರನ್ನು ಮಳೆಯಲ್ಲಿ ನೆನೆಯಬಾರದು ಅಂತ ಜಗಲಿಗೆ ಎಳೆಯಬೇಡಿ. ಕಿಟಕಿ ಬಾಗಿಲಿನಿಂದ 20 ಅಡಿಯಾದರೂ ದೂರ ಬೇಕು, ಮೇಲೊಂದು ತಗಡಿನ ಮಾಡು ಹಾಕಿದರೆ ಆಯಿತು. ಅಲಾರಂ ಕೂಗಿದರೆ ಅತಿಥಿಗೆ ತೊಂದರೆಯಾಗಿ ರೇಟಿಂಗ್ ಬೀಳುತ್ತದೆ ಅಂತ ಒಬ್ಬರು ಅಂದರು. ಕೋಣೆಯಲ್ಲಿ ಅಲಾರಂ ಇದೆ ಅಂತ ನಿಮ್ಮ ಫೋಟೋಗಳ ಜೊತೆ ಹಾಕಿ ನೋಡಿ, ಮಕ್ಕಳನ್ನು ಕರೆತರುವವರು ಅದನ್ನೇ ಹುಡುಕಿಕೊಂಡು ಬರುತ್ತಾರೆ. ಒಂದು ಕೋಣೆಯ ಒಂದೆರಡು ರಾತ್ರಿಯ ಬಾಡಿಗೆಯಲ್ಲಿ ಮುಗಿಯುವ ಖರ್ಚು ಇದು.

ಸರ್, ಪ್ರವಾಸಿಗರಿಗಷ್ಟೇ ಆದರೆ ಸಾಲದು. ಕಾಫಿ ಕೊಯ್ಲಿನ ಕಾಲಕ್ಕೆ ಹೊರಗಿನಿಂದ ಬಂದ ಕೆಲಸಗಾರರು ತೋಟದ ಲೈನ್ ಮನೆಗಳಲ್ಲಿ ತುಂಬಿರುತ್ತಾರೆ. ಅರೇಬಿಕಾ ಕೊಯ್ಲು ಶುರುವಾಗುವುದೇ ಚಳಿಯಲ್ಲಿ. ಒಂದು ಕೋಣೆಯಲ್ಲಿ ಆರೇಳು ಜನ, ಹಳೇ ಬಾಂಡಲಿಯಲ್ಲಿ ಕೆಂಡ, ಬಾಗಿಲಿಗೆ ಗೋಣಿಚೀಲ. ಅಲ್ಲಿಗೆ ಯಾವ ರೇಟಿಂಗೂ ಇಲ್ಲ, ಹೋಂಸ್ಟೇ ನಿಯಮವೂ ಮುಟ್ಟುವುದಿಲ್ಲ. ಕಾರ್ಮಿಕ ಇಲಾಖೆಯವರು ತೋಟದ ಮಾಲೀಕರ ಸಂಘದವರನ್ನು ಕೂರಿಸಿ ಮಾತಾಡಿದರೆ ಲೈನಿಗೆ ಬೇಕಾದ ಕಂಬಳಿಯೂ ಅಲಾರಮ್ಮೂ ಒಟ್ಟಿಗೇ ಬರಬಹುದು. ಕಂಬಳಿ ಸಾಕಷ್ಟಿದ್ದರೆ ಕೆಂಡದ ಗೋಜೇ ಕಡಿಮೆ. ಸಕಲೇಶಪುರ ಕಡೆಯ ತೋಟಗಳಲ್ಲೂ ಇದೇ ಕಥೆ. ಹಾಸನದ ಜಿಲ್ಲಾಧಿಕಾರಿಗಳೂ ಇದನ್ನು ಓದಲಿ.

ಬಾಣಂತಿ ಕೋಣೆಯ ವಿಷಯ ಹೇಳಿದರೆ ಹಿರಿಯರಿಗೆ ಸಿಟ್ಟು ಬರುತ್ತದೆ, ಗೊತ್ತು. ಮಂಚದ ಕೆಳಗೆ ಕೆಂಡ, ಸಾಂಬ್ರಾಣಿ, ಗಾಳಿ ತಾಗಬಾರದು ಅಂತ ಮುಚ್ಚಿದ ಕಿಟಕಿ. ಹೆಂಚಿನ ಮನೆಯಲ್ಲಿ ನಡೆದದ್ದು ತಾರಸಿ ಮನೆಯಲ್ಲಿ ನಡೆಯುವುದಿಲ್ಲ. ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗ ಈ ಒಂದು ಮಾತು ಹೇಳಿದರೆ ನಾವು ಹೇಳಿದ್ದಕ್ಕಿಂತ ಚೆನ್ನಾಗಿ ನಾಟುತ್ತದೆ.

ಆಸ್ಪತ್ರೆಯ ಕಡೆಗೂ ಸ್ವಲ್ಪ ಗಮನ ಬೇಕು. ಕೊರೋನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಮನೆಮನೆಗೆ ಬಂತು. ಈ ವಿಷದ ಮುಂದೆ ಅದು ಸುಳ್ಳು ಹೇಳುತ್ತದೆ. ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತ ಅಂತಲೇ ಓದಿ 97, 98 ತೋರಿಸಬಹುದು. ಗೀಸರ್ ಇರುವ ಬಾತ್‌ರೂಮಿನಲ್ಲಿ ಬಿದ್ದವರನ್ನು, ಒಂದೇ ಕೋಣೆಯಲ್ಲಿ ಒಟ್ಟಿಗೇ ತಲೆನೋವು ವಾಂತಿ ಶುರುವಾದವರನ್ನು ಆ ನಂಬರ್ ನೋಡಿ ಮನೆಗೆ ಕಳಿಸಬಾರದು. ರಕ್ತ ಪರೀಕ್ಷೆಯಲ್ಲಿ ಕಾರ್ಬಾಕ್ಸಿ ಹಿಮೋಗ್ಲೋಬಿನ್, ಅಂದರೆ ಮೊನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಎಷ್ಟಿದೆ ಅಂತ ನೋಡಬೇಕು, ಮಾಸ್ಕಿನಲ್ಲಿ ಪೂರ್ತಿ ಆಮ್ಲಜನಕ ಶುರು ಮಾಡಬೇಕು. ಬರೀ ಗಾಳಿಯಲ್ಲಿದ್ದರೆ ರಕ್ತದಲ್ಲಿನ ವಿಷ ಅರ್ಧಕ್ಕಿಳಿಯಲು 4ರಿಂದ 5 ಗಂಟೆ ಬೇಕು. ಪೂರ್ತಿ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ. ಡಾಕ್ಟರರಿಗೆ ಇದು ಗೊತ್ತಿರುವುದೇ. ಆದರೆ ರಾತ್ರಿ ಎರಡು ಗಂಟೆಗೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಇರುವ ಸಿಬ್ಬಂದಿಗೂ ಗೊತ್ತಿರಲಿ.

ಅಲಾರಂ ಕೂಗಿದರೆ ಏನು ಮಾಡಬೇಕು ಅನ್ನುವುದನ್ನು ಪ್ರತಿ ಕೋಣೆಯ ಬಾಗಿಲ ಹಿಂದೆ ಕನ್ನಡ, ಇಂಗ್ಲಿಷ್, ಹಿಂದಿಯಲ್ಲಿ ಅಂಟಿಸಲು ಹೇಳಿ. ಕಿಟಕಿ ಬಾಗಿಲು ತೆರೆಯಿರಿ, ಉರಿಯುವುದನ್ನು ಆರಿಸಿ, ಎಲ್ಲರೂ ಹೊರಗೆ ಬನ್ನಿ, ಒಳಗೆ ಬಿದ್ದವರಿದ್ದರೆ 112ಕ್ಕೋ 108ಕ್ಕೋ ಕರೆ ಮಾಡಿ. ಎಲ್‌ಪಿಜಿ ಸೋರಿಕೆಗೆ 1906. ಇಷ್ಟೇ ಸಾಲು ಸಾಕು. ನಮ್ಮ ಎಷ್ಟೋ ತೋಟಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಹಾಗಾಗಿ ಸಿಗ್ನಲ್ ಸಿಗುವ ಜಾಗ ಯಾವುದು ಅಂತಲೂ ಅದೇ ಹಾಳೆಯಲ್ಲಿರಲಿ.

ಇದು ಅತಿಯಾಯಿತು ಅಂತ ಅನಿಸಿದರೆ ಇಂಗ್ಲೆಂಡಿನ ನಿಯಮ ನೋಡಿ. 2022ರ ಅಕ್ಟೋಬರ್ 1ರಿಂದ ಅಲ್ಲಿ ಬಾಡಿಗೆ ಕೊಡುವ ಮನೆಗಳಲ್ಲಿ ಪ್ರತಿ ಮಹಡಿಗೆ ಕನಿಷ್ಠ ಒಂದು ಹೊಗೆ ಅಲಾರಂ ಇರಲೇಬೇಕು. ಅಡುಗೆಯ ಗ್ಯಾಸ್ ಒಲೆ ಬಿಟ್ಟು, ಬೇರೆ ಉರಿಯುವ ಉಪಕರಣ ಅಳವಡಿಸಿರುವ ಕೋಣೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯ. ಹೊಸ ಬಾಡಿಗೆದಾರ ಬಂದ ದಿನ ಅದು ಕೆಲಸ ಮಾಡುತ್ತಿದೆಯೇ ಅಂತ ಮಾಲೀಕನೇ ನೋಡಬೇಕು. ನಾನು ಕೇಳುತ್ತಿರುವುದು ಇದಕ್ಕಿಂತ ಸಣ್ಣದು. ಬರೀ ಹೋಂಸ್ಟೇಗಳಿಗೆ ಮೊದಲು ಮಾಡಿ, ನಗರದ ಬಾಡಿಗೆ ಮನೆಗಳ ವಿಷಯ ಆಮೇಲೆ ನೋಡೋಣ.

ಆದೇಶ ಮಾಡುವುದಾದರೆ ಡಿಸೆಂಬರ್ ರಜೆಯ ಜನ ಬರುವ ಮುಂಚೆ, ಅಕ್ಟೋಬರಿನಲ್ಲೇ ಹೊರಡಿಸಿ. ಈ ಡಬ್ಬಿಗಳು ಇಲ್ಲಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ರಾಶಿ ಬಿದ್ದಿಲ್ಲ, ಬೆಂಗಳೂರಿನಿಂದ ತರಿಸಬೇಕು. ಮಾನದಂಡದ ನಂಬರನ್ನು ಆದೇಶದಲ್ಲೇ ಬರೆಯಿರಿ. ಇಲ್ಲದಿದ್ದರೆ ಎಲ್ಲ ಕೋಣೆಗೂ ಎಲ್‌ಪಿಜಿ ಡಬ್ಬಿಯೇ ಬಂದು ಕೂರುತ್ತದೆ, ಅದನ್ನು ಹೊಡೆಯಲು ನನ್ನನ್ನೇ ಕರೆಯುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ವೈರಿಂಗ್ ಕೆಲಸಗಾರ, ಚಿಕ್ಕಮಗಳೂರು